ಒಡ್ಡಿನ ಬಾಯಲ್ಲಿ ಮುಳ್ಳುಮರ

ಫೆಬ್ರವರಿ 3, ಸೋಮವಾರ

ಇವತ್ತು ಸಂತ ಬ್ರಿಜಿಡ್‌ಳ ಹೆಸರಿನ ರಜೆ. ರಜೆ ಬಂತೆಂದರೆ ರಾತ್‌ಕೆರಾ ಗುಡ್ಡ ನೋಡಲು ಬರುವವರ ಕಾರುಗಳೆಲ್ಲ ನಮ್ಮ ಗೇಟಿನ ಮುಂದೆಯೇ ನಿಲ್ಲಬೇಕು ಅಂತ ಯಾವ ಶಾಸನದಲ್ಲಿ ಬರೆದಿದೆಯೋ. ಒಬ್ಬ ಮಹಾಶಯ ಗೇಟಿಗೆ ಅಡ್ಡವಾಗಿಯೇ ನಿಲ್ಲಿಸಿ ಹೋಗಿದ್ದ. ಅದೂ ಜೀವಮಾನವೆಲ್ಲ ಡ್ರೈವಿಂಗ್ ಪರೀಕ್ಷೆ ಮಾಡಿ ನಿವೃತ್ತನಾದವನ ಮನೆಯ ಮುಂದೆ. ಅವನು ವಾಪಸು ಬರುವವರೆಗೂ ಚಳಿಯಲ್ಲಿ ನಿಂತಿದ್ದು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಸಾರ್, ಒಳಗೆ ರಾಣಿ ಇದಾಳೆ ಅಂತಾರಲ್ಲ, ಅದು ಈ ದಿಬ್ಬಾನೇ ತಾನೆ? ಫೋಟೋ ತೆಗೆಯೋಕೆ ಯಾವ ಕಡೆ ಚೆನ್ನಾಗಿರುತ್ತೆ?" ಅಂದ. ಒಳಗಿರುವ ರಾಣಿಗೂ ನಿನ್ನ ಮುಖ ನೋಡೋಕೆ ಮನಸ್ಸಿಲ್ಲ, ಅದಕ್ಕೇ ಹೊರಗೆ ಬರುತ್ತಿಲ್ಲ ಅಂದೆ. ನಕ್ಕು ಹೋದ. ಬೈದರೂ ನಗುವ ಜನ ಇವರು.

ಅದೇ ಸಿಟ್ಟಿನಲ್ಲಿ ಒಳಗೆ ಬಂದರೆ ನನ್ನ ಹೆಂಡತಿ ಎತ್ನಾ ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಕೂತು ಗುಡ್ಡ ನೋಡುತ್ತಿದ್ದಳು. ಲಕ್ವ ಹೊಡೆದು ಎರಡು ವರ್ಷವಾಗುತ್ತ ಬಂತು. ಬಲಗೈ, ಬಲಗಾಲು ಹೋದವು. ಮಾತು ಅರ್ಧಕ್ಕರ್ಧ ಹೋಯಿತು. ಊರ ಶಾಲೆಯ ಟೀಚರಾಗಿ ದಿನವಿಡೀ ಮಾತಾಡಿ, ಮನೆಗೆ ಬಂದು ನನ್ನ ಹತ್ತಿರವೂ ಅಷ್ಟೇ ಮಾತಾಡುತ್ತಿದ್ದ ಹೆಂಗಸು. ಈಗ ಒಂದೊಂದು ಪದವನ್ನೂ ಬಾವಿಯಿಂದ ಕೊಡ ಸೇದಿದ ಹಾಗೆ ಸೇದಬೇಕು.

"ಈ ವರ್ಷ," ಅಂದಳು.

"ಏನು, ಈ ವರ್ಷ ಚಳಿ ಜಾಸ್ತಿನಾ? ಕಂಬಳಿ ಕೊಡ್ಲಾ? ಈ ವರ್ಷ ಅಡುಗೆಮನೆಗೆ ಬಣ್ಣ ಹೊಡಿಸ್ಬೇಕಾ?" ಅಂತ ನಾನೇ ಒಂದೊಂದಾಗಿ ಕೇಳಿದೆ. ತಲೆ ಅಲ್ಲಾಡಿಸಿ, ಎಡಗೈಯಿಂದ ಕಿಟಕಿ ತೋರಿಸಿದಳು.

"ಗುಡ್ಡ."

ಅರ್ಥವಾಯಿತು. ಜುಲೈ ಕೊನೆಯ ಭಾನುವಾರ ಗಾರ್ಲೆಂಡ್ ಭಾನುವಾರ. ಊರವರೆಲ್ಲ ಗುಡ್ಡ ಹತ್ತಿ, ನೀಲಿ ಕಾಡುಹಣ್ಣು ಆಯ್ದು ತಿಂದು, ನೆತ್ತಿಯ ಮೇಲೆ ಕೂತು ಎತ್ನಾ ಹೇಳುವ ರಾಣಿಯ ಕಥೆ ಕೇಳಿ ಇಳಿಯುವುದು. ಹುಟ್ಟಿದ ವರ್ಷ ಅವಳನ್ನು ಅವಳಪ್ಪ ಹೊತ್ತುಕೊಂಡು ಹೋಗಿದ್ದನಂತೆ. ಅಲ್ಲಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ಕಾಲು ಉಳುಕಿದ ವರ್ಷ ನನ್ನ ಬೆನ್ನು ಮುರಿಯುವ ಹಾಗೆ ಭಾರ ಹಾಕಿಕೊಂಡು ಹತ್ತಿದ್ದಳು. ಲಕ್ವ ಹೊಡೆದ ಮೇಲೆ ಮಾತ್ರ ಆ ದಿನ ಪರದೆ ಎಳೆಸಿಕೊಂಡು ಗೋಡೆ ಕಡೆ ಮುಖ ಮಾಡಿ ಮಲಗುತ್ತಾಳೆ.

ಹೋಗೇ ಹೋಗೋಣ ಅಂದೆ. ಇಲ್ಲಿ ಬರೆದಿಡುತ್ತಿದ್ದೇನೆ: ಬರುವ ಗಾರ್ಲೆಂಡ್ ಭಾನುವಾರ ಎತ್ನಾ ಗುಡ್ಡದ ನೆತ್ತಿಯ ಮೇಲಿರುತ್ತಾಳೆ. ಯಾರು ಅಡ್ಡ ಬರುತ್ತಾರೋ ನೋಡಿಯೇಬಿಡೋಣ.

ಫೆಬ್ರವರಿ 6, ಗುರುವಾರ

ಅಡ್ಡ ಬಂದದ್ದು ಒಂದು ಮರ.

ಅಳತೆಯ ಪಟ್ಟಿ ಹಿಡಿದುಕೊಂಡು ಹೋಗಿದ್ದೆ. ಪ್ರವಾಸಿಗಳಿಗಾಗಿ ಊರ ಸಮಿತಿಯವರು ಜಲ್ಲಿ ಹಾಕಿದ ದಾರಿ ಚೆನ್ನಾಗಿಯೇ ಇದೆ, ಗಾಲಿಕುರ್ಚಿ ಸಲೀಸಾಗಿ ಉರುಳುತ್ತದೆ. ಆದರೆ ಗುಡ್ಡದ ಸುತ್ತ ರಾಣಿಯ ಕಾಲದವರು ಎತ್ತಿದ ಮಣ್ಣಿನ ಒಡ್ಡು ಇದೆಯಲ್ಲ, ಅದು ಬಾಯಿ ಬಿಟ್ಟಿರುವುದು ಒಂದೇ ಕಡೆ. ಆ ಬಾಯಿಯ ನಟ್ಟನಡುವೆ ಸೊಟ್ಟ ಮುಳ್ಳುಮರವೊಂದು ನಿಂತಿದೆ. ನಡೆಯುವವರು ಹೊಟ್ಟೆ ಒಳಗೆಳೆದುಕೊಂಡು ಪಕ್ಕದಲ್ಲಿ ನುಸುಳಬೇಕು. ಗಾಲಿಕುರ್ಚಿ ನುಸುಳುವುದಿಲ್ಲ. ಆ ಕಡೆಯಿಂದ ಅಳೆದೆ, ಈ ಕಡೆಯಿಂದ ಅಳೆದೆ. ಇಲ್ಲ.

ಪ್ರಾಚೀನ ಸ್ಮಾರಕ ನೋಡಿಕೊಳ್ಳುವ ಹೆಂಗಸಿಗೆ ಫೋನ್ ಮಾಡಿ, ಒಡ್ಡಿನ ಮೇಲೆ ಒಂದು ಇಳಿಜಾರು ಮಾಡಿಕೊಡಿ ಅಂದೆ. ಅಲ್ಲಿ ಸಲಿಕೆ ಇಡುವ ಹಾಗೇ ಇಲ್ಲವಂತೆ. ಮರದ ಬುಡ ಕೀಳದೆ ಮೇಲಷ್ಟೇ ಕಡಿದರೆ ಅಡ್ಡಿಯಿಲ್ಲವಂತೆ, ಆದರೆ ಈ ತಿಂಗಳೊಳಗೆ. ಮಾರ್ಚಿನಿಂದ ಆಗಸ್ಟ್ ಮುಗಿಯುವವರೆಗೆ ಹಕ್ಕಿ ಗೂಡು ಕಟ್ಟುವ ಕಾಲ, ಬೇಲಿ, ಮರ ಯಾವುದನ್ನೂ ಮುಟ್ಟಬಾರದು ಅಂತ ಕಾನೂನು. ಹಕ್ಕಿಗೊಂದು ಕಾನೂನಿದೆ, ಸತ್ತ ರಾಣಿಗೊಂದು ಕಾನೂನಿದೆ, ಬದುಕಿರುವ ಹೆಂಗಸು ಗುಡ್ಡ ಹತ್ತಲು ಏನೂ ಇಲ್ಲ.

ಜಮೀನು ಪಕ್ಕದ ಮನೆಯ ಊನಾ ಟೈ ಎಂಬವಳದ್ದು. ಅಲ್ಲಿ ಅವಳ ಕುರಿ ಮೇಯುತ್ತವೆ. ಎತ್ನಾಳ ಜೊತೆ ಓದಿದವಳು. ಕೇಳಿದ್ದಕ್ಕೆ, "ನಂದೇನು ತಕರಾರಿಲ್ಲ ಕೋಲ್ಮನ್. ಕಡಿಯೋರು ಸಿಕ್ಕಿದ್ರೆ ಕಡಿಸ್ಕೋ," ಅಂದಳು. ಅಂದ ರೀತಿ ನನಗೆ ಹಿಡಿಸಲಿಲ್ಲ. ಒಂದು ಮರ ಕಡಿಯಲು ರೊಸ್ಕಾಮನ್ ಸೀಮೆಯಲ್ಲಿ ಜನಕ್ಕೇನು ಬರವೇ.

ಫೆಬ್ರವರಿ 10, ಸೋಮವಾರ

ಮಲಕಿ ಕ್ರೆಗ್‌ಗೆ ಫೋನ್ ಮಾಡಿದೆ. ಈ ಸುತ್ತಿನಲ್ಲಿ ಬಿದ್ದ ಮರ, ನಿಂತ ಮರ ಎಲ್ಲ ಕೊಯ್ಯುವವನು ಅವನೇ. ಮೋಟಾರು ಗರಗಸ ಹೆಗಲ ಮೇಲಿಲ್ಲದೆ ಅವನನ್ನು ನೋಡಿದವರು ಕಡಿಮೆ.

"ಮರ ತಾನೇ? ಅದಕ್ಕೇನಂತೆ ಸಾಹೇಬ್ರೇ, ಬಂದು ಕೊಯ್ದು ಕೊಟ್ಟು ಹೋಗ್ತೀನಿ. ಅರ್ಧ ಗಂಟೆ ಕೆಲಸ. ಯಾವ ಮರ?"

"ರಾತ್‌ಕೆರಾ ಒಡ್ಡಿನ ಬಾಯಲ್ಲಿದೆಯಲ್ಲ, ಮುಳ್ಳುಮರ."

ಆ ಕಡೆ ಏನೋ ಪುಟ ತಿರುವಿದ ಸದ್ದು. ಆಮೇಲೆ, "ಆ ವಾರ ಸ್ವಲ್ಪ ಕೆಲಸ ಜಾಸ್ತಿ ಇದೆಯಲ್ಲ ಸಾಹೇಬ್ರೇ," ಅಂದ.

"ಯಾವ ವಾರ ಅಂತ ನಾನಿನ್ನೂ ಹೇಳೇ ಇಲ್ಲ."

"ಹೇಳಿ ಮತ್ತೆ, ಯಾವ ವಾರ?"

"ನೀನೇ ಹೇಳು."

"ಅದೇ ವಾರಾನೇ," ಅಂದ ಆ ಭಂಡ, ನಾಚಿಕೆಯಿಲ್ಲದೆ.

ಫೆಬ್ರವರಿ 15, ಶನಿವಾರ

ಇನ್ನೊಬ್ಬನಿಗೆ ಬೆನ್ನು ನೋವಂತೆ. ಮತ್ತೊಬ್ಬನ ಗರಗಸ ರಿಪೇರಿಗೆ ಹೋಗಿದೆಯಂತೆ. ಅವನ ಹಿತ್ತಿಲಿಂದಲೇ ಗರಗಸದ ಸದ್ದು ಬರುತ್ತಿತ್ತು. ಮತ್ತೂ ಒಬ್ಬ, ಬರೋಕೆ ಅಭ್ಯಂತರ ಇಲ್ಲ, ಹೆಂಡತಿ ಬಸುರಿ, ಅವಳದ್ದೊಂದು ಆಗಿಹೋಗಲಿ ಅಂದ. ಹೆರಿಗೆ ಯಾವಾಗ ಅಂದೆ. ಮಾರ್ಚಲ್ಲಿ ಅಂದ.

ಯಾರೂ ಆಗಲ್ಲ ಅಂತ ಮುಖದ ಮೇಲೆ ಹೊಡೆದ ಹಾಗೆ ಹೇಳುವುದಿಲ್ಲ. ಎಲ್ಲರೂ "ನೋಡೋಣ" ಅನ್ನುವವರೇ. ಇವರ ಕಾರಣವೆಲ್ಲ ನನಗೆ ಗೊತ್ತಿದೆ. ಇವರಲ್ಲಿ ಮುಕ್ಕಾಲು ಮಂದಿಯನ್ನು ನಾನು ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲು ಮಾಡಿದ್ದೇನೆ. ಮಲಕಿಯನ್ನಂತೂ ಮತ್ತೆ ಮತ್ತೆ. ಕನ್ನಡಿ ನೋಡದೆ ತಿರುಗಿಸುವವನಿಗೆ ಪಾಸು ಕೊಡಬೇಕಿತ್ತೇನು? ಆ ಹಗೆ ಈಗ ನನ್ನ ಹೆಂಡತಿಯ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ. ಎತ್ನಾಗೆ ಅದನ್ನೇ ಹೇಳಿದೆ. ಅವಳು "ಕೋಲ್ಮನ್, ಆ ಮರ..." ಅಂತ ಶುರು ಮಾಡಿದಳು. "ಗೊತ್ತು, ಆ ಮರ ಹೋಗಲೇಬೇಕು, ಹೋಗತ್ತೆ, ನೀನು ಯೋಚನೆ ಮಾಡ್ಬೇಡ," ಅಂದು ಅವಳ ಕಷ್ಟ ತಪ್ಪಿಸಿದೆ.

ಫೆಬ್ರವರಿ 23, ಭಾನುವಾರ

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಆದರೂ ಬರೆಯುತ್ತೇನೆ.

ಚರ್ಚು ಮುಗಿಸಿ ಪಬ್ಬಿಗೆ ಹೋದೆ. ಮಲಕಿ ಅಲ್ಲಿದ್ದ, ಸುತ್ತ ಅವನ ಪಟಾಲಮ್ಮು. ನೇರವಾಗಿ ಕೇಳಿದೆ. "ಪರೀಕ್ಷೇಲಿ ಫೇಲು ಮಾಡಿದ ಸಿಟ್ಟಾ, ಇಲ್ಲಾ ನಿಮಗೆಲ್ಲಾ ಭಯಾನಾ?"

"ಏನು ಭಯ?" ಅಂದ ಮಲಕಿ.

"ಅದೇ, ದಿಬ್ಬದೊಳಗಿರೋ ನಿಮ್ಮ ಒಳ್ಳೆ ಜನ." ಮಣ್ಣಿನೊಳಗೆ ಬದುಕುವ, ಕಣ್ಣಿಗೆ ಕಾಣದ ಮಾಯದ ಜನವಂತೆ; ಅವರನ್ನು ಹೆಸರು ಹಿಡಿದು ಕರೆಯುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ. ಮುಳ್ಳುಮರ ಅವರದ್ದಂತೆ, ಮುಟ್ಟಿದವರನ್ನು ಬಿಡುವುದಿಲ್ಲವಂತೆ. ಬೆಳಗಾಗೆದ್ದರೆ ಫೋನಿನಲ್ಲಿ ಕುರಿ ಮಾರುವ ಜನ ಇವರು.

"ಛೆ ಛೆ, ಅವೆಲ್ಲಾ ಎಲ್ಲಿ ಸಾಹೇಬ್ರೇ. ಯಾರು ನಂಬ್ತಾರೆ ಈ ಕಾಲದಲ್ಲಿ."

"ಮತ್ತೆ ಕಡಿ."

"ಇಲ್ಲದೇ ಇರೋರ ಜೊತೆ ಜಗಳ ಯಾಕೆ ಅಂತ," ಅಂದ. ಎಲ್ಲರೂ ನಕ್ಕರು. ನಗುವಿನ ಭರದಲ್ಲಿ ಅವನಿಗೆ ನಾಲಿಗೆ ಸಡಿಲವಾಯಿತು. "ನಮ್ಮ ದೊಡ್ಡಪ್ಪ ಒಂದು ಕೊಂಬೆ ಮುರಿದಿದ್ನಂತೆ ಕಣ್ರೀ ಅದರಲ್ಲಿ. ಬೆಳಿಗ್ಗೆ ಏಳೋ ಹೊತ್ತಿಗೆ ಬಾಯಿ ಒಂದು ಕಡೆಗೆ ಸೊಟ್ಟ. ಮಾತಿಲ್ಲ. ಬಲಗೈ ಇಲ್ಲ. ಅವರು ಹೊಡೆದ್ರೆ ಹಾಗೇನೇ."

ಅಂದ ಮೇಲೆ ಅವನಿಗೇ ಗೊತ್ತಾಯಿತು.

"ನನ್ನ ಹೆಂಡತಿ ಯಾವ ಕೊಂಬೆ ಮುರಿದಿದ್ಲು ಮಲಕಿ?" ಅಂತ ಕೇಳಿದೆ. "ನಿನಗೆ ಓದು ಕಲಿಸಿದೋಳು ಅವಳು. ನಿನ್ನ ಮೂಗು ಒರೆಸಿದೋಳು. ಯಾವ ಮರ ಮುಟ್ಟಿದ್ಲು ಹೇಳು. ಯಾರಿಗೆ ಏನು ಮಾಡಿದ್ಲು?"

ಲೋಟ ಅಲ್ಲೇ ಬಿಟ್ಟು ಬಂದೆ. ಮನೆಗೆ ಬಂದು ಎತ್ನಾಗೆ ಏನೂ ಹೇಳಲಿಲ್ಲ, ಆಲೂಗಡ್ಡೆ ಸುಲಿದೆ. ಸುಲಿಯುತ್ತಾ ಸುಲಿಯುತ್ತಾ ಅತ್ತೆ. ಸಿಟ್ಟಿಗೆ ಬಂದ ಅಳು ಅದು.

ಫೆಬ್ರವರಿ 28, ಶುಕ್ರವಾರ

ಕೊನೆಯ ದಿನ. ಯಾರೂ ಬರಲಿಲ್ಲ.

ಮಾರ್ಚ್ 12, ಬುಧವಾರ

ಎತ್ನಾಗೆ ಮಾತಿನ ಚಿಕಿತ್ಸೆ ಕೊಡುವ ಹೊಸ ಹುಡುಗಿ ಬಂದಿದ್ದಳು. ಕೀವಾ ಅಂತ ಹೆಸರು. ಪ್ಯಾಂಟಿಗೆ ಮೊಣಕಾಲ ಹತ್ತಿರ ತೂತು. ಎತ್ನಾಳನ್ನು ಏನೇನೋ ಕೇಳಿದಳು, ಎತ್ನಾ ತಡವರಿಸಿದಾಗೆಲ್ಲ ನಾನು ನೆರವಾದೆ. ಹೋಗುವಾಗ ನನ್ನನ್ನು ಬಾಗಿಲಿಗೆ ಕರೆದು, "ಅವರ ಮಾತೆಲ್ಲಾ ನೀವೇ ಮುಗಿಸ್ತೀರಲ್ಲಾ ಅಂಕಲ್," ಅಂದಳು.

"ಸಹಾಯ ಮಾಡ್ತೀನಿ."

"ಇವತ್ತು ಎಷ್ಟೋ ಸಲ ನೀವು ಮುಗಿಸಿದ್ದು ತಪ್ಪಿತ್ತು. ಅವರಿಗೆ ಸುಸ್ತಾಗಿ ಹೂಂ ಅಂದುಬಿಡ್ತಾರೆ ಅಷ್ಟೇ. ಸುಮ್ನೆ ಕಾಯಿರಿ. ಬಾಯಿ ತಡೆಯದಿದ್ರೆ ಏನಾದ್ರೂ ತಿನ್ನಿ."

ನಮ್ಮ ಮದುವೆಯಾಗಿ ಎಷ್ಟು ವರ್ಷವಾಯಿತೋ ಅದರ ಅರ್ಧದಷ್ಟು ವಯಸ್ಸಿಲ್ಲ ಈ ಹುಡುಗಿಗೆ. ನನ್ನ ಹೆಂಡತಿ ಏನು ಹೇಳುತ್ತಾಳೆ ಅಂತ ನನಗೆ ಗೊತ್ತಿಲ್ಲವಂತೆ, ಇವಳಿಗೆ ಗೊತ್ತಂತೆ. ಅವಳ ಮೇಲಿನವರಿಗೆ ಫೋನ್ ಮಾಡಿ ದೂರು ಕೊಡೋಣ ಅಂತಿದ್ದೇನೆ.

ಏಪ್ರಿಲ್ 21, ಈಸ್ಟರ್ ಸೋಮವಾರ

ದೂರು ಕೊಡಲಿಲ್ಲ. ಪುರುಸೊತ್ತಿರಲಿಲ್ಲ.

ಕಾನೂನು ಹಾಳಾಗಿ ಹೋಗಲಿ ಅಂತ ನಿನ್ನೆ ಕೈಗರಗಸಕ್ಕೆ ಅರ ಹಾಕಿ ಹಲ್ಲು ಚೂಪು ಮಾಡಿಟ್ಟಿದ್ದೆ. ಇವತ್ತು ಊಟವಾದ ಮೇಲೆ ಊನಾಳನ್ನು ಎತ್ನಾಳ ಹತ್ತಿರ ಕೂರಿಸಿ, ಗರಗಸವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೊರಟೆ. ಮಳೆ ಹನಿಯುತ್ತಿತ್ತು, ಗುಡ್ಡದಲ್ಲಿ ನರಪಿಳ್ಳೆ ಇರಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ. ಮರದ ಬುಡದಲ್ಲಿ ಮೊಣಕಾಲೂರಿ ಗರಗಸ ಇಟ್ಟೆ.

ಗರಗಸ ಮೊಂಡಾಗಿತ್ತು. ಅದೂ ಅಲ್ಲದೆ ಮೇಲೆ ಏನೋ ಗೂಡಿನ ಥರ ಕಾಣಿಸಿತು. ನಾನು ಕಾನೂನು ಪಾಲಿಸುವ ಮನುಷ್ಯ, ಜೀವಮಾನವೆಲ್ಲ ಅದನ್ನೇ ಮಾಡಿದವನು. ಮೊಣಕಾಲೂ ಒದ್ದೆಯಾಗಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಚೀಲ ಸುತ್ತಿ ವಾಪಸು ಬಂದೆ. ಒಡ್ಡು ದಾಟಿ ಈಚೆ ಬರುವಾಗ ಯಾಕೋ ಟೋಪಿ ತೆಗೆದೆ. ತಲೆ ಬೆವರಿತ್ತು, ಅದಕ್ಕೇ ಇರಬೇಕು.

ಊನಾ ನನ್ನ ಕೈಯಲ್ಲಿದ್ದ ಚೀಲ ನೋಡಿದಳು, ಮುಖ ನೋಡಿದಳು. "ಏನಾದ್ರೂ ಮಾಡ್ಕೊಂಡ್ಯಾ?" ಅಂದಳು. "ಏನಿಲ್ಲ," ಅಂದೆ. "ಒಳ್ಳೇದಾಯ್ತು ಬಿಡು," ಅಂದಳು. ಇವಳ ಅಪ್ಪಣೆ ಕೇಳಿದವರ್ಯಾರು?

ಮೇ 11, ಭಾನುವಾರ

ಮರ ಹೂವಾಗಿದೆ. ತೊಗಟೆ ಕಾಣದಷ್ಟು ಬಿಳಿ. ತೊಂದರೆ ಎಲ್ಲಿದೆ ಅಂತ ಎತ್ನಾಗೆ ಕಣ್ಣಾರೆ ತೋರಿಸೋಣವೆಂದು ಜಲ್ಲಿ ದಾರಿಯಲ್ಲಿ ಕುರ್ಚಿ ತಳ್ಳಿಕೊಂಡು ಒಡ್ಡಿನ ಬಾಯವರೆಗೆ ಕರೆದುಕೊಂಡು ಹೋದೆ. ಅಲ್ಲಿ ಪ್ರವಾಸಿಗಳ ಹಿಂಡು. ಒಬ್ಬಳು ತಲೆಗೂದಲ ರಿಬ್ಬನ್ ಬಿಚ್ಚಿ ಕೊಂಬೆಗೆ ಕಟ್ಟುತ್ತಿದ್ದಳು, ಹರಕೆಯಂತೆ. ಇನ್ನೊಬ್ಬ ಚಾಕೊಲೇಟಿನ ಕಾಗದ ಕಟ್ಟಿದ್ದ. ಅದೇನು ಹರಕೆಯೋ, ಹಲ್ಲು ನೋವಿನದ್ದಿರಬೇಕು. ಎಲ್ಲರನ್ನೂ ಗದರಿಸಿ ಓಡಿಸಿದೆ.

ಎತ್ನಾ ಮರದ ಕೆಳಗೆ ಕುರ್ಚಿ ನಿಲ್ಲಿಸಲು ಸನ್ನೆ ಮಾಡಿದಳು. ಹೂವು ಮಡಿಲಿಗೆ ಉದುರಿದವು. ಏನೋ ಹೇಳಲು ಹೊರಟಳು. ನನ್ನ ಜೇಬಿನಲ್ಲಿ ಬಿಸ್ಕತ್ತಿತ್ತು, ಬಾಯಿಗೆ ಹಾಕಿಕೊಂಡೆ. ಹಸಿವಾಗಿತ್ತು.

"ಇದನ್ನ... ಕಡಿ ಅಂತ... ಯಾರು ಹೇಳಿದ್ದು?"

"ನಿನಗೋಸ್ಕರ," ಅಂದೆ.

ಬಹಳ ಹೊತ್ತು ಹಿಡಿಯಿತು. ಬಿಸ್ಕತ್ತು ಮುಗಿದು ಇನ್ನೊಂದನ್ನೂ ತಿಂದೆ.

"ನನ್ನ... ಕೇಳಿದ್ಯಾ?"

ಇಡೀ ಊರಿನ ಜೊತೆ ಹಗೆ ಕಟ್ಟಿಕೊಂಡೆ. ಪಬ್ಬಿಗೆ ಹೋಗುವುದು ಬಿಟ್ಟೆ. ಒದ್ದೆ ಮಣ್ಣಿನಲ್ಲಿ ಮೊಣಕಾಲೂರಿದೆ. ಯಾರಿಗೋಸ್ಕರ? ಕೊನೆಗೆ ಸಿಕ್ಕಿದ ಬಹುಮಾನ ಇದು, ಕೇಳಿದ್ಯಾ ಅಂತೆ. ಮನೆವರೆಗೂ ನಾನು ಒಂದು ಮಾತೂ ಆಡಲಿಲ್ಲ. ಅವಳ ಕೂದಲಲ್ಲಿ ಸಿಕ್ಕಿಕೊಂಡಿದ್ದ ಹೂವು ತೆಗೆಯುವಾಗಲೂ ಆಡಲಿಲ್ಲ.

ಮೇ 12, ಸೋಮವಾರ

ಕೇಳಿರಲಿಲ್ಲ, ನಿಜ.

ಜೂನ್ 19, ಗುರುವಾರ

ಈ ಮನೆಯಲ್ಲಿ ಬಿಸಿ ಚಹಾ ಕುಡಿದು ಎಷ್ಟು ಕಾಲವಾಯಿತೋ. ಬೆಳಿಗ್ಗೆ ಗಂಜಿಗೆ ಕೂತಾಗ ಎತ್ನಾ ಒಂದು ಮಾತು ಶುರು ಮಾಡುತ್ತಾಳೆ. ಅದು ಮುಗಿಯುವ ಹೊತ್ತಿಗೆ ಗಂಜಿ ಹಲ್ವಾ ಆಗಿರುತ್ತದೆ. ಇವತ್ತು ಶಾಲೆಯ ಇನ್‌ಸ್ಪೆಕ್ಟರು ಬಂದ ದಿನ ಮಲಕಿ ಕಪ್ಪೆಯನ್ನು ಅವನ ಟೋಪಿಯೊಳಗಿಟ್ಟ ಕಥೆ. ಮುಗಿದಾಗ ಮಧ್ಯಾಹ್ನದ ಸುದ್ದಿ ಬರುತ್ತಿತ್ತು. ಇಷ್ಟು ವರ್ಷದಲ್ಲಿ ಈ ಕಥೆ ನನಗೆ ಹೇಳಿಯೇ ಇರಲಿಲ್ಲ. ಯಾಕೆ ಹೇಳಿರಲಿಲ್ಲ ಅಂದೆ. ಅದಕ್ಕೆ ಉತ್ತರ ಬರುವುದರಲ್ಲಿ ಹಾಲು ಕೆಟ್ಟಿತು. "ನೀನು... ನಿಲ್ತಿರ್ಲಿಲ್ಲ," ಅಂದಳು. ನಾನು ನಿಲ್ಲದವನಂತೆ. ಬೆಳಗಿನಿಂದ ಒಂದೇ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದುಕೊಂಡಿದೆ.

ಊನಾ ಬೇರೆ ದಿನ ಬಿಟ್ಟು ದಿನ ಬರುತ್ತಾಳೆ. ನಾನು ಬಂದರೆ ಇಬ್ಬರೂ ಬಾಯಿ ಮುಚ್ಚುತ್ತಾರೆ. ಏನು ಗುಸುಗುಸು ಅಂತ ಕೇಳಿದೆ. "ನಾನು ಬಂದಿರೋದು ಅವಳ ಹತ್ರ ಮಾತಾಡೋಕೆ. ನಿನ್ನ ಹತ್ರ ಮಾತಾಡ್ಬೇಕು ಅನ್ನಿಸಿದ ದಿನ ಹೇಳಿ ಕಳಿಸ್ತೀನಿ," ಅಂದಳು. ನನ್ನ ಮನೆಯಲ್ಲಿ, ನನ್ನ ಸಕ್ಕರೆ ಹಾಕಿಕೊಂಡು.

ಜುಲೈ 9, ಬುಧವಾರ

ಮಲಗಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ದಿನ ಹತ್ತಿರ ಬರುತ್ತಿದೆ. ಮರ ಇದ್ದರೆ ಇರಲಿ, ಎತ್ನಾಳನ್ನು ಬೆನ್ನ ಮೇಲೆ ಹೊತ್ತುಕೊಂಡು ಪಕ್ಕದಲ್ಲಿ ನುಸುಳಿದರಾಯಿತು ಅಂತ ಯೋಚಿಸಿದ್ದೆ. ಅಭ್ಯಾಸವಾಗಲಿ ಅಂತ ಮೊನ್ನೆ ಆಲೂಗಡ್ಡೆ ಮೂಟೆ ಹೊತ್ತು ಹಿತ್ತಿಲಲ್ಲಿ ನಡೆದೆ. ಹೋಗುವಾಗ ಸರಿಯಿತ್ತು. ತಿರುಗುವಾಗ ಬೆನ್ನಿನಲ್ಲಿ ಏನೋ ಕಳಕ್ ಅಂದು ಅಲ್ಲೇ ಕುಸಿದೆ. ಎತ್ನಾ ಕಿಟಕಿಯಿಂದ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳಂತೆ. ಊನಾ ಬಂದು ಎಬ್ಬಿಸಬೇಕಾಯಿತು. ಆ ನಗು ನನಗೂ ಕೇಳಿಸಿತ್ತು. ಲಕ್ವ ಹೊಡೆದ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ. ಅದಕ್ಕಾಗಿ ನನ್ನ ಬೆನ್ನೇ ಆಗಬೇಕಿತ್ತೇ ಅನ್ನುವುದು ಬೇರೆ ಮಾತು.

ಇವತ್ತು ಯಾರು ಬಂದರು ಅಂದರೆ, ಮಲಕಿ. ಬೆನ್ನಿಗೆ ಹಚ್ಚುವ ಎಣ್ಣೆ ತಂದಿದ್ದ, ಕುದುರೆಗೆ ಹಚ್ಚುವಂಥದ್ದು. ಮಂಚದ ಕಾಲ ಹತ್ತಿರ ನಿಂತು ಟೋಪಿ ತಿರುವುತ್ತಿದ್ದ.

"ಅವತ್ತು ಪಬ್ಬಲ್ಲಿ ನಾನು ಆಡಿದ ಮಾತು ಸಾಹೇಬ್ರೇ..."

ಬಾಯಿಗೆ ಬಂದದ್ದನ್ನು ಆಡಬಹುದಿತ್ತು. ಅವನು ಮುಗಿಸಲಿ ಅಂತ ಬಿಟ್ಟೆ.

"ಟೀಚರ್‌ಗೆ ಹಾಗಾದ ಮೇಲೆ ನಾನು ಅವರ ಮುಖ ನೋಡೋಕೆ ಬಂದಿಲ್ಲ. ಬರಬೇಕಿತ್ತು. ಬಂದ್ರೆ ಏನು ಮಾತಾಡೋದು ಅಂತ ಗೊತ್ತಾಗ್ಲಿಲ್ಲ."

"ಅವಳೂ ಅದೇ ಕಷ್ಟದಲ್ಲಿದಾಳೆ. ಹೋಗಿ ಕೂತ್ಕೋ," ಅಂದೆ. ಚಹಾ ಕುಡೀತೀಯಾ ಅಂದೆ, ಬೇಡ ಅಂದ. ಮತ್ತೆ ಕೇಳಿದೆ, ಬೇಡ ಅಂದ. ಮೂರನೇ ಸಲ ಕೇಳಿದ ಮೇಲೆ, ತೊಂದರೆ ಇಲ್ಲದಿದ್ರೆ ಒಂದು ತೊಟ್ಟು ಅಂದ. ಹೋಗಿ ಎತ್ನಾಳ ಹತ್ತಿರ ಕೂತವನು ಕತ್ತಲಾಗುವವರೆಗೂ ಎದ್ದಿಲ್ಲ. ಎಲ್ಲ ಬಿಸ್ಕತ್ತೂ ಮುಗಿಸಿದ್ದಾನೆ. ಕ್ಷಮಿಸಿದ್ದೇನೆ ಅಂತ ಅವನು ತಿಳಿದುಕೊಂಡಿದ್ದರೆ ಅದು ಅವನ ಭ್ರಮೆ.

ಜುಲೈ 26, ಶನಿವಾರ

ನಾಳೆ ಗಾರ್ಲೆಂಡ್ ಭಾನುವಾರ. ಬೆನ್ನು ಇನ್ನೂ ನೆಟ್ಟಗಾಗಿಲ್ಲ. ಆಗಲಿಲ್ಲ ಎತ್ನಾ, ಸೋತೆ ಅಂತ ಹೇಳಬೇಕು. ಬೆಳಿಗ್ಗೆ ಹೇಳೋಣ ಅಂದುಕೊಂಡೆ, ಆಗಲಿಲ್ಲ. ಸಂಜೆ ಹೇಳಲು ಹೋದರೆ ಅವಳೇ ಶುರು ಮಾಡಿದಳು. ಕಾದೆ. "ನಾಳೆ... ನೀಲಿ ಕೋಟು," ಅಂದಳು. ಬೀರುವಿನಿಂದ ನೀಲಿ ಕೋಟು ತೆಗೆದು ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಸೋತೆ ಅನ್ನಲು ಬಾಯಿ ಬರಲಿಲ್ಲ.

ಈ ಊರಿನ ಮೇಲೆ, ಆ ಮರದ ಮೇಲೆ, ಸಲಿಕೆ ಇಡಬೇಡ ಅಂದವರ ಮೇಲೆ, ಎಲ್ಲರ ಮೇಲೂ ಸಿಟ್ಟಿದೆ. ಬೆನ್ನಿನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಜುಲೈ 27, ಭಾನುವಾರ

ಚರ್ಚು ಬಿಟ್ಟ ಮೇಲೆ ನಮ್ಮ ಗೇಟಿನ ಮುಂದೆ ಗದ್ದಲ. ಇವತ್ತೂ ಕಾರು ನಿಲ್ಲಿಸಲು ಬಂದರು ಅಂತ ಕೋಲು ಹಿಡಿದು ಹೊರಗೆ ಹೋದರೆ, ಮಲಕಿ. ಹಿಂದೆ ಬೆನ್ನು ನೋವಿನವನು, ಗರಗಸ ರಿಪೇರಿಯವನು, ಮಗು ಹುಟ್ಟಿದವನು, ಇನ್ನೂ ಇಬ್ಬರು. ನಡುವೆ ನೆಲದ ಮೇಲೆ ಒಂದು ಬಾಗಿಲು. ಬಾಗಿಲ ಮೇಲೆ ಊನಾಳ ಅಡುಗೆಮನೆಯ ತೋಳುಕುರ್ಚಿಯನ್ನು ಹಗ್ಗ ಹಾಕಿ ಬಿಗಿದಿದ್ದರು.

"ಇದೇನಿದು?"

"ನಮ್ಮ ಕೊಟ್ಟಿಗೆ ಬಾಗಿಲು," ಅಂದಳು ಊನಾ. "ಒಡ್ಡಿನ ಮೇಲಿಂದ ಹೊತ್ಕೊಂಡು ಹೋಗ್ತಾರೆ. ಮಣ್ಣು ಅಗೆಯೋ ಹಾಗಿಲ್ಲ, ಮರ ಮುಟ್ಟೋ ಹಾಗಿಲ್ಲ. ಕಾಲಲ್ಲಿ ನಡೆಯೋಕೆ ಯಾರ ಅಪ್ಪಣೇನೂ ಬೇಡ."

ಬಾಗಿಲ ಎರಡೂ ಕಡೆ ಮೂವರು ಮೂವರು ನಿಂತು, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಅಳತೆ ನೋಡುತ್ತಿದ್ದರು. ಆ ನಿಲುವು ನೋಡಿದ ತಕ್ಷಣ ನನಗೆ ಮೈಯೆಲ್ಲ ಉರಿಯಿತು. ಇವರು ಶವಪೆಟ್ಟಿಗೆ ಹೊರುವುದು ಹೀಗೆಯೇ. ಈ ಊರಿನ ಎಷ್ಟೋ ಜನರನ್ನು ಹೀಗೆ ನಾನೂ ಹೊತ್ತಿದ್ದೇನೆ.

"ಬದುಕಿರೋ ಹೆಂಗಸನ್ನ ಹೆಣ ಹೊರೋ ಹಾಗೆ ಹೊರ್ತೀರೇನ್ರೋ? ಯಾವನ ತಲೆಗೆ ಬಂತು ಈ ಯೋಚನೆ?" ಅಂತ ಕೂಗಿದೆ.

ಹಿಂದೆ ಮನೆಯ ಬಾಗಿಲಲ್ಲಿ ಎತ್ನಾ ನೀಲಿ ಕೋಟು ಹಾಕಿಕೊಂಡು ಕುರ್ಚಿಯಲ್ಲಿದ್ದಳು. ಬಾಯಿ ಅಲುಗುತ್ತಿತ್ತು. ಎಲ್ಲರೂ ಕಾದರು.

"ನನ್ನ... ತಲೆಗೆ," ಅಂದಳು.

ಮೇ ತಿಂಗಳಿಂದ ನಡೆದಿದೆಯಂತೆ ಈ ಸಂಚು. ನನಗೆ ಯಾಕೆ ಹೇಳಲಿಲ್ಲ ಅಂದರೆ, ಹೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನಂತೆ. ಅನ್ನುತ್ತಿದ್ದೆ, ಖಂಡಿತ.

ಬೆನ್ನಿನ ದೆಸೆಯಿಂದ ನನಗೆ ಹೊರಲು ಬಿಡಲಿಲ್ಲ. "ನೀವು ಮುಂದೆ ನಡ್ಕೊಂಡು ದಾರಿ ಹೇಳಿ ಸಾಹೇಬ್ರೇ, ಅದರಲ್ಲಿ ನಿಮ್ಮನ್ನ ಬಿಟ್ರಿಲ್ಲ," ಅಂದ ಮಲಕಿ. ಹೇಳಿದೆ. ಎಡಕ್ಕೆ, ನಿಧಾನ, ಅಲ್ಲಿ ಕುರಿ ಹಿಕ್ಕೆ ಇದೆ, ಕಣ್ಣು ಎಲ್ಲಿಟ್ಟಿದ್ದೀಯೋ. ಒಡ್ಡು ಹತ್ತುವಾಗ ಬಾಗಿಲು ವಾಲಿತು, ನನ್ನ ಜೀವ ಬಾಯಿಗೆ ಬಂತು. ಎತ್ನಾ ಎಡಗೈಯಲ್ಲಿ ಮಲಕಿಯ ಕೂದಲು ಹಿಡಿದುಕೊಂಡಿದ್ದಳು. ಮರ ಕೆಳಗೆ ಪಕ್ಕದಲ್ಲಿ ಉಳಿಯಿತು, ಹಸಿರು ಕಾಯಿ ಬಿಟ್ಟಿತ್ತು.

ನೆತ್ತಿಯಲ್ಲಿ ಇಳಿಸಿದಾಗ ಆರೂ ಜನಕ್ಕೆ ಏದುಸಿರು. ಎತ್ನಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಈಗ ಗೊತ್ತಾಯ್ತು," ಅಂದಳು, ಸುಮಾರು ಹೊತ್ತಾದ ಮೇಲೆ, "ನನ್ನ ಯಾರು... ಹೊರ್ತಾರೆ ಅಂತ. ಮಲಕಿ... ಬೇಡ. ಕುಲುಕ್ತಾನೆ."

ಅಷ್ಟು ನಗು ಆ ಗುಡ್ಡ ಕೇಳಿ ಎಷ್ಟು ಕಾಲವಾಗಿತ್ತೋ. ನಾನು ನಗಲಿಲ್ಲ. ಆ ಕಡೆ ತಿರುಗಿಕೊಂಡು ಮೂಗು ಒರೆಸಿಕೊಂಡೆ.

ಜನವೆಲ್ಲ ಹಣ್ಣು ತಿಂದು ನೀಲಿ ಬಾಯಿ ಮಾಡಿಕೊಂಡು ಸುತ್ತ ಕೂತರು. ರಾಣಿಯ ಕಥೆ ಅಂತ ಯಾರೂ ಕೇಳಲಿಲ್ಲ, ಆದರೆ ಕಾಯುತ್ತಿದ್ದರು. ಎತ್ನಾ ಶುರು ಮಾಡಿದಳು. ನಿಂತಳು. ಮುಂದಿನ ಮಾತು ನ‌ನಗೆ ಗೊತ್ತಿತ್ತು, ಪ್ರತಿ ವರ್ಷ ಕೇಳಿದ್ದೇನೆ; ನಾಲಿಗೆ ತುದಿಗೆ ಬಂತು. ಒಂದು ಹಿಡಿ ಹಣ್ಣು ಬಾಯಿಗೆ ತುಂಬಿಕೊಂಡೆ. ಅವಳು ಹೇಳಿದ್ದು ನನಗೆ ಗೊತ್ತಿದ್ದ ಮಾತಲ್ಲ.

"ರಾಣಿ ಒಳಗಿದಾಳೆ. ಎಲ್ಲಾ... ಕೇಳಿಸ್ಕೋತಾಳೆ. ಮಾತಿಗೆ... ಸ್ವಲ್ಪ ಹೊತ್ತು ಬೇಕು. ಅಷ್ಟೇ."

ಕಥೆ ಅಷ್ಟೇ ಅಂತ ಗೊತ್ತಾಗಲೂ ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲೆ ನಡೆದದ್ದು ಮಾತ್ರ ಬರೆಯಲೇಬೇಕು. ಇವತ್ತು ಡಬ್ಲಿನ್ನಿನಲ್ಲಿ ಫುಟ್‌ಬಾಲ್ ಫೈನಲ್. ನಮ್ಮ ಸೀಮೆಯವರು ಎಂದೋ ಸೋತು ಮನೆಗೆ ಬಂದಿದ್ದಾರೆ, ಆದರೂ ಇವರಿಗೆ ನೋಡಲೇಬೇಕು. ಆರು ಜನವೂ ಗಡಿಯಾರ ನೋಡಿಕೊಂಡು ಎದ್ದರು. "ಮುಗಿದ ತಕ್ಷಣ ಬಂದು ಇಳಿಸ್ತೀವಿ ಸಾಹೇಬ್ರೇ," ಅಂದ ಮಲಕಿ. "ಸಮ ಆದ್ರೆ ಮಾತ್ರ ಜಾಸ್ತಿ ಹೊತ್ತು ಆಡಿಸ್ತಾರೆ, ಆಗ ಸ್ವಲ್ಪ ತಡ." ಜನವೆಲ್ಲ ಅವರ ಹಿಂದೆಯೇ ಇಳಿದುಹೋಯಿತು. ಊನಾಳೂ ಹೋದಳು, ಟಿವಿ ಇರುವುದು ಅವಳ ಮನೆಯಲ್ಲಿ.

ಗುಡ್ಡದ ಮೇಲೆ ಲಕ್ವ ಹೊಡೆದ ಹೆಂಗಸು, ಬೆನ್ನು ಮುರಿದ ಗಂಡಸು, ಒಂದು ಕೊಟ್ಟಿಗೆ ಬಾಗಿಲು. ಇಂಥ ಬೇಜವಾಬ್ದಾರಿ ಜನರನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಮಳೆ ಬಂದರೆ? ಯಾರಿಗಾದರೂ ಏನಾದರೂ ಆದರೆ? ಎಲ್ಲವನ್ನೂ ಗಟ್ಟಿಯಾಗಿ ಹೇಳಿದೆ, ಕೆಳಗಿನವರಿಗೂ ಕೇಳಲಿ ಅಂತ. ಎತ್ನಾ ನಾನು ಮುಗಿಸುವವರೆಗೂ ಕಾದಳು.

ಚಳಿಯಾಗ್ತಿದೆಯಾ ಅಂದೆ. ಕಾದೆ. ಇಲ್ಲ ಅಂದಳು. ಅವಳ ಪಕ್ಕ ಬಾಗಿಲಿನ ಮೇಲೆ ಕೂತೆ. ಕೆಳಗೆ ನಮ್ಮ ಮನೆ, ಅವಳು ದಿನವೂ ಕೂರುವ ಕಿಟಕಿ ಕಾಣಿಸುತ್ತಿತ್ತು. ಆಚೆ ಊನಾಳ ಕುರಿಗಳು. ಅವಳ ಮನೆಯ ಕಡೆಯಿಂದ ಒಮ್ಮೆ ಜೋರಾಗಿ ಕೂಗು ಕೇಳಿತು, ಯಾರೋ ಗೋಲು ಹೊಡೆದಿರಬೇಕು.

"ಯಾರಾದ್ರೂ ಗೆದ್ದು ಸಾಯ್ಲಿ, ಬೇಗ ಮುಗಿದ್ರೆ ಸಾಕು," ಅಂದೆ.

ಎತ್ನಾ ಎಡಗೈಯಿಂದ ನನ್ನ ತೋಳು ಹಿಡಿದುಕೊಂಡು ಏನೋ ಹೇಳಲು ಶುರು ಮಾಡಿದಳು. ಬಾಯಿಗೆ ಹಾಕಿಕೊಳ್ಳಲು ಹಣ್ಣೂ ಉಳಿದಿರಲಿಲ್ಲ. ಸುಮ್ಮನೆ ಕೂತೆ.

"ಸಮ... ಆಗ್ಲಿ," ಅಂದಳು.